ಬಲಗಡೆಯವನ ಮೂಗು

ಬಲಗಡೆಯವನಿಗೆ ಮೂಗಿತ್ತು, ಎಡಗಡೆಯವನಿಗೆ ಇರಲಿಲ್ಲ. ಗುರಲಿಂಗಪ್ಪನ ಹೊಟ್ಟೆಕಿಚ್ಚಿಗೆ ಮೂಲ ಇಷ್ಟೇ.

ಬಾದಾಮಿಯಿಂದ ತುಸು ಹೊರಗೆ, ಕೆಂಪು ಗುಡ್ಡದ ಸೊಂಟದಷ್ಟು ಎತ್ತರದಲ್ಲಿ ಒಂದು ಸಣ್ಣ ಗುಡಿ. ಒಳಗೆ ದೇವರಿಲ್ಲ, ಬಾವಲಿಗಳಿವೆ. ಬಾಗಿಲಿನ ಆಚೆ ಈಚೆ ಆಳೆತ್ತರದ ಇಬ್ಬರು ದ್ವಾರಪಾಲಕರು. ಒಂದೇ ಬಂಡೆಯ ಮರಳುಗಲ್ಲು, ಒಬ್ಬನೇ ಶಿಲ್ಪಿಯ ಕೈ, ಒಂದೇ ಅಳತೆಯ ಗದೆ. ಆದರೆ ಬಲಗಡೆಯವನು ಆಗಷ್ಟೇ ಕ್ಷೌರದ ಅಂಗಡಿಯಿಂದ ಎದ್ದು ಬಂದ ಮದುಮಗನ ಹಾಗೆ ಕಾಣುತ್ತಿದ್ದ. ಮೂಗು, ಮೀಸೆ, ಎದೆಯ ಮೇಲಿನ ಹಾರದ ಒಂದೊಂದು ಮಣಿ, ಎಲ್ಲ ಇದ್ದವು. ಎಡಗಡೆಯವನ ತಲೆಯ ಮೇಲಿದ್ದ ಸೂರಿನ ಕಲ್ಲು ಯಾವ ಕಾಲದಲ್ಲೋ ಮುರಿದು ಬಿದ್ದಿತ್ತು. ಅಂದಿನಿಂದ ಮಳೆ, ಬಿಸಿಲು, ಪಾರಿವಾಳ ಮೂರೂ ಅವನ ಪಾಲಿಗೆ. ಮೂಗು ಪೂರ್ತಿ ಹೋಗಿತ್ತು, ತುಟಿ ಸವೆದಿತ್ತು, ಹಾರವಂತೂ ಚಹಾದಲ್ಲಿ ಅದ್ದಿ ಮರೆತ ಬಿಸ್ಕೀಟಿನ ಹಾಗಾಗಿತ್ತು.

ಈ ಎಡಗಡೆಯವನನ್ನು ಕಾಯುವವನು ಗುರಲಿಂಗಪ್ಪ. ಬಲಗಡೆಯವನನ್ನು ಕಾಯುವವನು ಶಿವಪ್ರಕಾಶ. ಎರಡು ವರ್ಷದ ಹಿಂದೆ ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದವರು. ಕೆಲಸ ಕೊಟ್ಟ ಚೇತನಾ ಮೇಡಮ್ ಅಂದು ಇಬ್ಬರನ್ನೂ ನೋಡಿ, "ನೀವು ಎಡಕ್ಕೆ ನಿಂತಿದ್ದೀರಿ, ಎಡಗಡೇದು ನಿಮ್ಮದು. ಅವರದು ಬಲಗಡೇದು" ಎಂದಿದ್ದರು. ಅಂದು ತಾನು ಬೀಡಿ ಎಸೆಯಲು ಎಡಕ್ಕೆ ಸರಿದಿದ್ದೆ ಎಂಬುದು ಗುರಲಿಂಗಪ್ಪನಿಗೆ ಇಂದಿಗೂ ನೆನಪಿದೆ. ಆ ದಿನವೇ ಬೀಡಿ ಬಿಟ್ಟ. ಪ್ರಯೋಜನವಾಗಲಿಲ್ಲ.

ಪ್ರವಾಸಿಗಳು ಬಂದರೆ ನೇರ ಗುರಲಿಂಗಪ್ಪನ ಕೈಗೆ ಫೋನ್ ಕೊಟ್ಟು, "ಅಣ್ಣಾರ, ಒಂದು ಫೋಟೋ ತೆಗೀರಿ" ಎಂದು ಹೋಗಿ ಬಲಗಡೆಯವನ ಪಕ್ಕ ನಿಲ್ಲುತ್ತಿದ್ದರು. ಎಡಗಡೆಯವನ ಗದೆಗೆ ಚೀಲ ನೇತು ಹಾಕುತ್ತಿದ್ದರು. ಗುರಲಿಂಗಪ್ಪ ಸುಮ್ಮನೆ ಫೋಟೋ ತೆಗೆಯುತ್ತಿದ್ದ, ಬಲಗಡೆಯವನ ಮುಖ ಸರಿಯಾಗಿ ಮೂಗಿನ ಕೆಳಗೆ ಕತ್ತರಿಸುವಂತೆ.

ಇದಕ್ಕೆ ಸರಿಯಾಗಿ ಶಿವಪ್ರಕಾಶನ ಕೂದಲೂ ಕಪ್ಪಗಿತ್ತು. ಬಣ್ಣ ಹಚ್ಚದೆ ಕಪ್ಪಗಿತ್ತು. ಐವತ್ತರ ವಯಸ್ಸಿನಲ್ಲಿ ಇದು ಅನ್ಯಾಯ. ಗುರಲಿಂಗಪ್ಪನಿಗೆ ನೆತ್ತಿ ಬೋಳಾಗಿ, ಎದುರಿನ ಹಲ್ಲೊಂದು ಹೋಗಿ, ಸಕ್ಕರೆ ಬೇನೆಯೂ ಅಂಟಿಕೊಂಡಿತ್ತು. ಹೆಂಡತಿ ಸಕ್ರವ್ವ ದಿನ ಬಿಟ್ಟು ದಿನ ಹೇಳುತ್ತಿದ್ದಳು:

"ಇಬ್ಬರೂ ಒಂದ ದಿನಾ ಕೆಲಸಕ್ಕ ಸೇರಿದ್ರಿ. ಅವರ ಮನಿ ಮುಂದ ಸ್ಕೂಟಿ ನಿಂತೈತಿ. ನಮ್ಮ ಮನಿ ಮುಂದ ನೀವ ನಿಂತೀರಿ."

ಚೇತನಾ ಮೇಡಮ್ ಬೆಂಗಳೂರಿನ ಯಾವುದೋ ಸಂಸ್ಥೆಯವರು. ಹಳೆಯ ವಿಗ್ರಹಗಳ ಕಲ್ಲು ಎಷ್ಟು ಬೇಗ ಸವೆಯುತ್ತದೆ ಎಂದು ಅಳೆಯುವುದು ಅವರ ಕೆಲಸ. ಅದಕ್ಕಾಗಿ ಇಬ್ಬರು ದ್ವಾರಪಾಲಕರ ಪಾದದ ಬಳಿ ಒಂದೊಂದು ಕಬ್ಬಿಣದ ಡಬ್ಬಿ ಇಟ್ಟಿದ್ದರು. ಮೇಲೆ ಜಾಳಿಗೆ, ಬದಿಗೆ ಬೀಗ. ಮಂಗಗಳು ಎತ್ತಿಕೊಂಡು ಹೋಗಬಾರದೆಂದು ಮೂರು ಮೂರು ಕಿಲೋ ತೂಕದ, ಅಚ್ಚು ಹಾಕಿದಂತೆ ಒಂದೇ ತರಹದ ಡಬ್ಬಿಗಳು. ವಿಗ್ರಹದ ಮೈಯಿಂದ ಉದುರಿದ ಹುಡಿ ಜಾಳಿಗೆಯ ಮೂಲಕ ಒಳಗೆ ಬೀಳಬೇಕು. ತಿಂಗಳಿಗೊಮ್ಮೆ ಮೇಡಮ್ ಬಂದು ಬೀಗ ತೆಗೆದು, ಹುಡಿಯನ್ನು ಬಂಗಾರದಂಗಡಿಯ ತಕ್ಕಡಿಯಂಥದರಲ್ಲಿ ತೂಗುತ್ತಿದ್ದರು. ಅವರದು ಒಂದೇ ಕಟ್ಟಳೆ: ಡಬ್ಬಿ ಮುಟ್ಟಿದವನು ಅದೇ ದಿನ ಮನೆಗೆ.

ಹೋದ ತಿಂಗಳು ಬಲಗಡೆಯ ಡಬ್ಬಿಯಲ್ಲಿ ಆರು ಗ್ರಾಂ ಬಂತು. "ತುಂಬಾ ಚೆನ್ನಾಗಿದೆ" ಎಂದು ಮೇಡಮ್ ಶಿವಪ್ರಕಾಶನತ್ತ ನಕ್ಕರು. ಎಡಗಡೆಯದರಲ್ಲಿ ಮೂವತ್ತೆಂಟು. "ಛೇ ಛೇ" ಎಂದು ನಾಲಿಗೆ ಲೊಚಗುಟ್ಟಿ ಗುರಲಿಂಗಪ್ಪನನ್ನು ನೋಡಿದರು. ಮೂವತ್ತೆಂಟು ಗ್ರಾಂ ತನ್ನ ಮೈಯಿಂದಲೇ ಉದುರಿದಷ್ಟು ಅವನಿಗೆ ನಾಚಿಕೆಯಾಯಿತು.

ಮೊನ್ನೆ ಸಂಸ್ಥೆಯಿಂದ ಫೋನಿಗೆ ಸುದ್ದಿ ಬಂತು. ಮುಂದಿನ ತಿಂಗಳಿಂದ ಒಬ್ಬನೇ ಕಾವಲುಗಾರ ಸಾಕು. ಶುಕ್ರವಾರ ಮೇಡಮ್ ಬಂದು ಹುಡಿ ತೂಗಿ, ಯಾರನ್ನು ಇಟ್ಟುಕೊಳ್ಳುವುದೆಂದು ಹೇಳುತ್ತಾರೆ.

ಮೂವತ್ತೆಂಟರವನನ್ನು ಬಿಟ್ಟು ಆರರವನನ್ನು ಇಟ್ಟುಕೊಳ್ಳುತ್ತಾರೆ. ಈ ಲೆಕ್ಕ ಶಾಲೆ ಕಲಿಯದವನಿಗೂ ತಿಳಿಯುವಂಥದು. ಗುರಲಿಂಗಪ್ಪ ಎರಡು ದಿನ ಯೋಚಿಸಿ, ಶುಕ್ರವಾರ ಬೆಳಿಗ್ಗೆ ಆರೂವರೆಗೇ ಗುಡ್ಡದ ಬುಡಕ್ಕೆ ಬಂದ.

ಬುಡದಲ್ಲಿ ಲಾಡಬಿಯ ಚಹಾದಂಗಡಿ. ಗುಡ್ಡ ಹತ್ತುವವರ, ಇಳಿಯುವವರ ಹಾಜರಿ ಪುಸ್ತಕ ಅವಳ ತಲೆಯಲ್ಲೇ ಇತ್ತು.

"ಏನ್ ಗುರಲಿಂಗಣ್ಣಾ, ಇವತ್ತ ಕೋಳಿಕ್ಕಿಂತ ಮೊದಲ ಎದ್ದೀರಿ!" ಎಂದು ಸಕ್ಕರೆ ಹಾಕದ ಚಹಾ ಮುಂದಿಟ್ಟಳು. "ನಿನ್ನಿ ಸಂಜಿ ಪ್ರಕಾಶಣ್ಣ ನೋಡ್ರಿ, ನೀವು ಇಳದು ಹೋದ ಮ್ಯಾಲೆ ಅರ್ಧಾ ತಾಸು ತಡಾ ಮಾಡಿ ಬಂದ. ಕಸಾ ಹೊಡಿತಿದ್ದೆ ಅಂದ. ಭಾಳ ದುಡಿತಾನ ಪಾಪ."

"ಮೇಡಮ್ಮೋರು ಬರೂದಿದ್ರ ಎಲ್ಲಾರೂ ದುಡಿತಾರ" ಎಂದು ಗುರಲಿಂಗಪ್ಪ ಸಪ್ಪನೆಯ ಚಹಾವನ್ನು ಔಷಧದ ಹಾಗೆ ಗಂಟಲಿಗೆ ಸುರಿದುಕೊಂಡು ಮೆಟ್ಟಿಲು ಹತ್ತಿದ.

ಮೇಲೆ ಯಾರೂ ಇರಲಿಲ್ಲ, ಮಂಗಗಳನ್ನು ಬಿಟ್ಟರೆ. ತಿಂಗಳುಗಟ್ಟಲೆ ಕೂತ ಡಬ್ಬಿ ಕದಲಲಿಕ್ಕಿಲ್ಲ ಎಂದುಕೊಂಡು ಸೊಂಟಕ್ಕೆ ಟವೆಲ್ ಬಿಗಿದು ಬಂದಿದ್ದ. ಮುಟ್ಟುತ್ತಲೇ ಸಲೀಸಾಗಿ ಮೇಲೆದ್ದಿತು. ಎಡಗಡೆಯ ಡಬ್ಬಿಯನ್ನು ಬಲಕ್ಕೆ ಒಯ್ದ. ಬಲಗಡೆಯದನ್ನು ಎತ್ತಿ ತಿರುಗುವಷ್ಟರಲ್ಲಿ ಗಡವ ಮಂಗವೊಂದು ಎಡಗಡೆಯವನ ತಲೆಯ ಮೇಲಿಂದ ಗುರಲಿಂಗಪ್ಪನ ಹೆಗಲಿಗೆ ಹಾರಿತು. ಅದರ ಕಣ್ಣು ಅಲ್ಲಿ ತೂಗುತ್ತಿದ್ದ ಅವನ ರೊಟ್ಟಿ ಗಂಟಿನ ಮೇಲಿತ್ತು. ಎರಡೂ ಕೈಯಲ್ಲಿ ಡಬ್ಬಿ ಹಿಡಿದವನು ಮಂಗವನ್ನು ಯಾವುದರಿಂದ ಓಡಿಸಬೇಕು? "ತಗೊಂಡು ಹೋಗಪಾ, ಸದ್ದ ಮಾಡಬ್ಯಾಡ" ಎಂದು ಪಿಸುಗುಟ್ಟಿದ. ಮಂಗ ಗಂಟನ್ನು ಸಾವಕಾಶ ಬಿಚ್ಚಿ, ರೊಟ್ಟಿ ಎಣಿಸಿಕೊಂಡಂತೆ ನೋಡಿ, ಚಟ್ನಿಯ ಪೊಟ್ಟಣವನ್ನು ಮಾತ್ರ ಅವನ ಬೋಳುನೆತ್ತಿಯ ಮೇಲೆ ಬಿಟ್ಟು ಹೋಯಿತು.

ಡಬ್ಬಿಗಳು ಅದಲು ಬದಲಾದವು. ಗುರಲಿಂಗಪ್ಪ ತಲೆ ಒರೆಸಿಕೊಂಡು ಎಡಗಡೆಯವನ ಮುಖ ನೋಡಿದ. ಮೂಗಿಲ್ಲದ ಮುಖದಲ್ಲೂ ಸಮಾಧಾನ ಕಂಡ ಹಾಗಾಯಿತು.

ಎಂಟಕ್ಕೆ ಶಿವಪ್ರಕಾಶ ಬಂದ. ಇಸ್ತ್ರಿ ಮಾಡಿದ ಅಂಗಿ, ಹಣೆಗೆ ವಿಭೂತಿ. ಎಂದೂ ಒಂದು ಜಾಗದಲ್ಲಿ ಕೂರದವನು ಅಂದು ಬಲಗಡೆಯವನ ಪಾದದ ಬಳಿ ಕೂತು, ಕೋಳಿ ಮೊಟ್ಟೆಯ ಮೇಲೆ ಕೂತಂತೆ ಅಲ್ಲಾಡಲಿಲ್ಲ. ಗುರಲಿಂಗಪ್ಪನ ಕಣ್ಣು ತಪ್ಪಿಸುತ್ತಿದ್ದ. ಗೆಲ್ಲುವವನ ಸೊಕ್ಕು ಎಂದುಕೊಂಡ ಗುರಲಿಂಗಪ್ಪ ಒಳಗೊಳಗೇ ನಕ್ಕ. ಕೂಡು ಮಗನ, ಇನ್ನೆರಡು ತಾಸು ಕೂಡು.

ಹತ್ತೂವರೆಗೆ ಮೇಡಮ್ಮರ ಗಾಡಿ ಕೆಳಗೆ ನಿಂತಿತು. ಮೊದಲು ಮೇಲೆ ಬಂದವನು ಚಾಲಕ ತೌಸಿಫ, ಇಳಕಲ್ಲಿನವನು. ಒಂದು ಕೈಯಲ್ಲಿ ತಕ್ಕಡಿ, ಇನ್ನೊಂದರಲ್ಲಿ ಅಮೀನಗಡದ ಕರದಂಟಿನ ಡಬ್ಬಿ. ಗುರಲಿಂಗಪ್ಪನನ್ನು ಗುಡಿಯ ಹೆಸರಿನ ಬೋರ್ಡಿನ ಹಿಂದೆ ಕರೆದು ಬೆನ್ನು ಚಪ್ಪರಿಸಿದ.

"ಗುರಲಿಂಗಣ್ಣಾ, ಬಾಯಿ ಸಿಹಿ ಮಾಡಾಕ ತಯಾರಾಗ್ರಿ. ನೌಕರಿ ನಿಮ್ಮದ."

"ಹೌದೇನಪಾ? ಡಬ್ಬಿ ತೂಗೂದಕ್ಕಿಂತ ಮೊದಲ ಹೆಂಗ ಗೊತ್ತಾತು?"

"ಇವತ್ತೂ ಹುನಗುಂದದಿಂದ ಇಲ್ಲಿತನಕ ಮೇಡಮ್ಮೋರು ಫೋನಿನ್ಯಾಗ ಅದ ಮಾತಾಡಿದ್ರು. ಯಾವ ಮೂರ್ತಿ ಹೆಚ್ಚು ಉದುರತೈತೋ ಅದರ ತಲಿ ಮ್ಯಾಲೆ ಹೊಸಾ ಸೂರು ಹಾಕ್ತಾರಂತ. ಅದರ ಕಾವಲುಗಾರಗ ಕಾಯಂ ನೌಕರಿ, ಕೂಡಾಕ ಖುರ್ಚಿ, ಒಂದು ಫ್ಯಾನು. ಜಡ್ಡು ಬಿದ್ದವನ ಹಂತ್ಯಾಕ ಅಲ್ಲೇನ್ರಿ ಮಂದಿ ಬೇಕಾಗೂದು? ಗಟ್ಟಿಮುಟ್ಟ ಇದ್ದವಗ ಯಾರು ಬೇಕು? ನಿಮ್ಮ ಡಬ್ಬ್ಯಾಗ ಹುಡಿ ಹೆಚ್ಚು. ಎಲ್ಲಾರಿಗೂ ಗೊತ್ತಿದ್ದದ್ದ."

ಗುರಲಿಂಗಪ್ಪನಿಗೆ ಕಾಲಿನ ಕೆಳಗಿನ ಗುಡ್ಡವೇ ಮರಳಾಗಿ ಜಾರಿದಂತಾಯಿತು.

"ಮೇಡಮ್ಮೋರು ಎಲ್ಲಿ ಅದಾರ?"

"ಕೆಳಗ, ಲಾಡಬಿ ಚಾಚಿ ಅಂಗಡ್ಯಾಗ ಯಾರದೋ ಫೋನ್ ಹಚ್ಚ್ಯಾರ. ಕಾಲು ತಾಸು ಆಗಬಹುದು" ಎಂದು ತೌಸಿಫ ಅವರನ್ನು ಕರೆತರಲು ಕೆಳಗಿಳಿದ.

ಕಾಲು ತಾಸು. ಡಬ್ಬಿಗಳನ್ನು ಮತ್ತೆ ಮೊದಲಿದ್ದ ಜಾಗಕ್ಕೆ ತರಬೇಕು. ಆದರೆ ಬಲಗಡೆಯ ಡಬ್ಬಿಗೆ ಬೆನ್ನು ಕೊಟ್ಟು ಶಿವಪ್ರಕಾಶ ಕೂತಿದ್ದ.

"ಲೇ ಪ್ರಕಾಶಾ, ಲಾಡಬಿ ಕರಿಯಾಕತ್ತಾಳ ನೋಡು ಚಾಕ್ಕ."

"ನನಗ ಬ್ಯಾಡೋ ಗುರಲಿಂಗಣ್ಣಾ. ಬರೂಮುಂದ ಕುಡದೇನಿ."

ಗುರಲಿಂಗಪ್ಪ ಒಂದು ಸುತ್ತು ಹೋಗಿ ಓಡುತ್ತ ಬಂದ. "ಪ್ರಕಾಶಾ! ನಿನ್ನ ಸ್ಕೂಟಿ ಸೀಟು ಮಂಗ್ಯಾಗೋಳು ಹರಿಯಾಕತ್ತಾವಲೇ! ಹತ್ತಿ ಎಲ್ಲಾ ಹೊರಗ ಬಂದೈತಿ!"

ಶಿವಪ್ರಕಾಶ ಕೂತಲ್ಲಿಂದಲೇ ಅವನನ್ನು ನೋಡಿದ. "ಇವತ್ತ ಸ್ಕೂಟಿ ಮಗಳು ಒಯ್ದಾಳ. ನಾ ನಡಕೋತ ಬಂದೇನಿ."

"ಹಂಗಾರ ಅದು ಬ್ಯಾರೇದವರದು" ಎಂದು ಗುರಲಿಂಗಪ್ಪ ಬೆವರು ಒರೆಸಿಕೊಂಡ.

ಆಗ ಕೆಳಗಿಂದ ಗಲಾಟೆ ಕೇಳಿಸಿತು. ಬಾಗಲಕೋಟೆಯ ವಿದ್ಯಾಗಿರಿಯಿಂದ ಕಾಲೇಜು ಹುಡುಗಿಯರ ಗುಂಪೊಂದು ಮೆಟ್ಟಿಲು ಹತ್ತಿ ಬರುತ್ತಿತ್ತು. ಸುಮಾರು ಮೂವತ್ತು ಮಂದಿ. ಬಂದವರೇ ಎಡಗಡೆಯವನ ಗದೆಗೆ ಚೀಲ ತೂಗುಹಾಕಿ, ಬಲಗಡೆಯವನ ಮುಂದೆ ನೆರೆದರು. ಮುಂದಾಳು ಹುಡುಗಿ ಎಂದಿನಂತೆ ಗುರಲಿಂಗಪ್ಪನ ಕೈಗೇ ಫೋನ್ ಕೊಟ್ಟಳು.

"ಅಂಕಲ್, ನಮ್ಮೆಲ್ಲಾರದೂ ಒಂದು ಫೋಟೋ ತೆಗೀರಿ. ಈ ಮೂರ್ತಿ ಪೂರಾ ಬರಬೇಕ್ರಿ."

ಎರಡು ವರ್ಷದಲ್ಲಿ ಮೊದಲ ಸಲ ಗುರಲಿಂಗಪ್ಪನಿಗೆ ಈ ಮಾತು ಅಮೃತದಂತೆ ಕೇಳಿಸಿತು.

"ತಗೀತೇನಿ ತಂಗಿ, ಯಾಕ ತಗ್ಯೂದಿಲ್ಲ! ಎಲ್ಲಾರೂ ಮೆಟ್ಟಲಕ್ಕ ಇಳೀರಿ. ಗುಡಿಗೆ ಬೆನ್ನ ಕೊಡ್ರಿ. ಹಾಂ, ಹಂಗ. ಪ್ರಕಾಶಾ, ನೀನೂ ಬಾ. ಈ ಮೂರ್ತಿ ಕಾಯಾವ ನೀನ ಅಲ್ಲೇನು? ನೀನಿಲ್ಲದ ಫೋಟೋ ಎಂಥಾದ್ದು?"

ಶಿವಪ್ರಕಾಶನಿಗೆ ಒಂದೇ ದೌರ್ಬಲ್ಯವಿತ್ತು, ಫೋಟೋ. ಒಮ್ಮೆ ಡಬ್ಬಿ ನೋಡಿದ, ಒಮ್ಮೆ ಫೋನ್ ನೋಡಿದ. ಎದ್ದು ಹೋಗಿ ನಡುವೆ ನಿಂತು ಕರಿಗೂದಲು ಸರಿಮಾಡಿಕೊಂಡ.

"ಈಗ ಎಲ್ಲಾರೂ ಕಣ್ಣ ಮುಚ್ಚ್ರಿ" ಎಂದ ಗುರಲಿಂಗಪ್ಪ.

"ಯಾಕ್ರಿ ಅಂಕಲ್?"

"ಬಿಸಲಿಗೆ ಕಣ್ಣ ಮಿಟಕಸ್ತೀರಿ, ಫೋಟೋ ಕೆಡತೈತಿ. ನಾ ಮೂರು ಅಂದಕೂಡಲೆ ಒಮ್ಮೆಲೆ ತಗೀರಿ. ಮೂವತ್ತು ಮಂದೀದೂ ಕಣ್ಣ ಪಟ್ನ ಬರತಾವ. ಮೊದಲ ತಗದವರದು ಕಣ್ಣ ಕುರುಡ ಬರತಾವ, ನೋಡ್ರಿ ಮತ್ತ."

ಮೂವತ್ತು ಜೊತೆ ಕಣ್ಣು ಮುಚ್ಚಿದವು. ಶಿವಪ್ರಕಾಶನವಂತೂ ದೇವರ ಮುಂದೆ ನಿಂತಷ್ಟು ಬಿಗಿಯಾಗಿ ಮುಚ್ಚಿದವು.

"ಒಂದೂ..." ಎಂದು ರಾಗ ಎಳೆಯುತ್ತ ಗುರಲಿಂಗಪ್ಪ ಅವರನ್ನು ದಾಟಿ ಮೇಲೆ ಓಡಿದ. ಬಲಗಡೆಯ ಡಬ್ಬಿ ಎತ್ತಿದ. ಎಡಕ್ಕೆ ಓಡಿದ. ಆ ಡಬ್ಬಿಗೆ ಈ ಡಬ್ಬಿ ಬಡಿದು ಗುಡಿಗಂಟೆಯ ಹಾಗೆ ಠಣ್ ಎಂದಿತು.

"ಅಂಕಲ್, ಎಲ್ಲಿ ಹೋದ್ರಿ?"

"ಇಲ್ಲೆ ಅದೀನವ್ವಾ, ಬೆಳಕ ನೋಡಾಕತ್ತೇನಿ. ಕಣ್ಣ ತಗೀಬ್ಯಾಡ್ರಿ! ಎರಡೂ..."

"ಗುರಲಿಂಗಣ್ಣಾ, ನಿನ್ನ ದನಿ ಹಿಂದಿಂದ ಬರಾಕತ್ತೈತಲ್ಲೋ" ಎಂದ ಶಿವಪ್ರಕಾಶ.

"ಗುಡ್ಡ ಅಲ್ಲೇನಲೇ, ದನಿ ಹೊಳ್ಳಿ ಬರತೈತಿ. ಸುಮ್ಮ ನಿಂದ್ರು!"

ಬಾವಲಿಯೊಂದು ಬೆಚ್ಚಿ ಹೊರಗೆ ಹಾರಿತು. ಇನ್ನೊಂದು ಡಬ್ಬಿಯನ್ನು ಬಲಗಡೆಯವನ ಪಾದಕ್ಕೆ ಕೂಡಿಸಿ, ಮೂರು ಮೆಟ್ಟಿಲಿಗೊಂದು ಹೆಜ್ಜೆಯಂತೆ ಕೆಳಗೆ ಹಾರಿ ಬಂದು, ಉಬ್ಬಸದ ಎಮ್ಮೆಯ ಹಾಗೆ ಏದುತ್ತ, "ಮೂರು!" ಎಂದ. ಫೋಟೋ ಬಹಳ ಚೆನ್ನಾಗಿ ಬಂತು. ಅವನ ಕೈಯಲ್ಲಿ ಬಲಗಡೆಯವನ ಮೂಗು ಕತ್ತರಿಸದೆ ಉಳಿದದ್ದು ಅದೇ ಮೊದಲು.

ಹುಡುಗಿಯರು ಇಳಿದು ಹೋದರು. ಮೇಡಮ್ ಹತ್ತಿ ಬಂದರು. ತೌಸಿಫ ತಕ್ಕಡಿ ಇಟ್ಟ. ಗುರಲಿಂಗಪ್ಪ ಎಡಗಡೆಯವನ ಪಕ್ಕ ಎದೆಯುಬ್ಬಿಸಿ ನಿಂತ. ಶಿವಪ್ರಕಾಶ ಬಲಗಡೆಯವನ ಪಕ್ಕ ತಲೆ ತಗ್ಗಿಸಿ ನಿಂತ. ಗುರಲಿಂಗಪ್ಪನ ಕಣ್ಣಿಗೆ ಆಗಲೇ ಖುರ್ಚಿ ಕಂಡಿತು, ಫ್ಯಾನು ತಿರುಗಿತು, ಅದರ ಗಾಳಿಗೆ ಸಕ್ರವ್ವನ ಬಾಯಿ ಮುಚ್ಚಿತು.

ಮೇಡಮ್ ಎಡಗಡೆಯ ಡಬ್ಬಿಯ ಬೀಗ ತೆಗೆದು ಕುಂಚದಿಂದ ಗುಡಿಸಿ ತಕ್ಕಡಿಗೆ ಸುರಿದರು.

"ಐದು ಗ್ರಾಂ."

ಗುರಲಿಂಗಪ್ಪನಿಗೆ ತನ್ನ ಕಿವಿಯ ಮೇಲೆ ಸಂಶಯ ಬಂತು.

ಬಲಗಡೆಯ ಡಬ್ಬಿ ತೆಗೆದರು. "ನಲವತ್ತೊಂದು!" ಮೇಡಮ್ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ನಲವತ್ತೊಂದೇ. ಇಬ್ಬರ ಕಡೆಗೂ ತಿರುಗಿದರು. "ಇದು ಹೇಗೆ ಸಾಧ್ಯ? ಯಾರಾದರೂ ಡಬ್ಬಿ ಮುಟ್ಟಿದಿರಾ?"

"ಇಲ್ರಿ ಮೇಡಮ್ಮೋರ!"

ಎರಡು ಬಾಯಿಂದ ಒಂದೇ ಸಲಕ್ಕೆ, ಒಂದೇ ದನಿಯಲ್ಲಿ ಬಂತು. ದ್ವಾರಪಾಲಕರೇ ಮಾತಾಡಿದರೂ ಇಷ್ಟು ಹೊಂದುತ್ತಿರಲಿಲ್ಲ.

ಮೇಡಮ್ ಬಲಗಡೆಯವನ ಎದೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟರು. ಮತ್ತೊಮ್ಮೆ ತಟ್ಟಿದರು. ಡಾಕ್ಟರು ತಟ್ಟಿದರೆ ಯಾರ ಎದೆಯಲ್ಲೂ ಏನಾದರೊಂದು ಕೇಳಿಸದೆ ಇರುವುದಿಲ್ಲ.

"ನನಗೆ ಮೊದಲೇ ಅನುಮಾನ ಇತ್ತು" ಎಂದರು. "ನೆಲದ ತೇವ ಕಲ್ಲಿನೊಳಗೆ ಏರುತ್ತೆ. ಅದರ ಜೊತೆ ಉಪ್ಪೂ ಏರುತ್ತೆ. ಬಿಸಿಲಿಗೆ ನೀರು ಆರಿದಾಗ ಉಪ್ಪು ಒಳಗೇ ಹರಳುಗಟ್ಟಿ ಕಲ್ಲನ್ನು ಬಿಡಿಸುತ್ತೆ. ಹೊರಗಿಂದ ನೋಡಿದರೆ ಮೂಗು, ಮೀಸೆ ಎಲ್ಲ ಸರಿಯಾಗಿರುತ್ತೆ. ಬಿದ್ದ ಮೇಲೇ ಗೊತ್ತಾಗೋದು. ಸೂರು ಬಲಗಡೆಯವನಿಗೇ ಹಾಕಿಸೋಣ. ಶಿವಪ್ರಕಾಶ್, ಇನ್ಮೇಲೆ ನೀವು ಕಾಯಂ."

ಆಮೇಲೆ ಗುರಲಿಂಗಪ್ಪನ ಹತ್ತಿರ ಬಂದರು. ಅವರ ಮುಖದಲ್ಲಿ ಹೋದ ತಿಂಗಳು ಶಿವಪ್ರಕಾಶನಿಗೆ ಸಿಕ್ಕಿದ್ದ ಅದೇ ನಗೆ.

"ನಿಮ್ಮವನಲ್ಲಿ ಉದುರೋದೆಲ್ಲ ಉದುರಿ ಮುಗಿದಿರಬೇಕು. ಈಗ ನಿಂತಿದ್ದಾನೆ. ತುಂಬಾ ಚೆನ್ನಾಗಿ ನೋಡಿಕೊಂಡಿದ್ದೀರಿ. ಇವನನ್ನು ಇನ್ನು ಯಾರೂ ಕಾಯಬೇಕಾಗಿಲ್ಲ." ಕರದಂಟಿನ ಡಬ್ಬಿಯನ್ನು ಅವನ ಕೈಗಿಟ್ಟರು. "ಇದು ನಿಮಗೆ."

ಎರಡು ವರ್ಷ ಆ ನಗೆಗಾಗಿ, ಆ ಮಾತಿಗಾಗಿ ಕರುಬಿದವನು ಗುರಲಿಂಗಪ್ಪ. ಬಂತು. ಕೈಯಲ್ಲಿ ಒಂದು ಕಿಲೋ ಬೆಲ್ಲ, ಅಂಟು, ಗೋಡಂಬಿ ಹಿಡಿದುಕೊಂಡು ಸಕ್ಕರೆ ಬೇನೆಯ ಮನುಷ್ಯ ನಿಂತಿದ್ದ. 'ಡಬ್ಬಿ ನಾನ ಬದಲ್ ಮಾಡೇನ್ರಿ' ಎನ್ನೋಣವೆಂದರೆ ಮುಟ್ಟಿದವನು ಮನೆಗೆ. ಹೇಳದಿದ್ದರೂ ಮನೆಗೆ. ಮಿಗಿಲಾಗಿ, ಅವನ ಲೆಕ್ಕದ ಪ್ರಕಾರ ಡಬ್ಬಿಗಳು ತಮ್ಮ ತಮ್ಮ ಜಾಗದಲ್ಲೇ ಇದ್ದವು! ಬೆಳಿಗ್ಗೆ ಒಮ್ಮೆ ಬದಲಿಸಿದ, ಈಗ ಒಮ್ಮೆ ಬದಲಿಸಿದ. ಅಲ್ಲಿಗೆ ಮೊದಲಿದ್ದಂತೆಯೇ ಆಗಬೇಕಲ್ಲ. ಹಾಗಾದರೆ ಒಂದೇ ತಿಂಗಳಲ್ಲಿ ಎಡಗಡೆಯವನು ನಿಜಕ್ಕೂ ಗಟ್ಟಿಯಾಗಿಬಿಟ್ಟನೇ? ಮೂಗಿಲ್ಲದ ಆ ಮುಖವನ್ನು ದುರುಗುಟ್ಟಿ ನೋಡಿದ. "ಉದರಬಾರದೇನಲೇ ಒಂದ ತಿಂಗಳಾ" ಎಂದು ಹಲ್ಲು ಕಡಿದ. ಮೂರ್ತಿಯ ತೋಳಿನಿಂದ ನಾಲ್ಕು ಕಾಳು ಮರಳು ಉದುರಿ ಗುರಲಿಂಗಪ್ಪನ ಚಪ್ಪಲಿಯ ಮೇಲೆ ಬಿತ್ತು.

ಗಾಡಿ ಹೋದ ಮೇಲೆ ಇಬ್ಬರೂ ಲಾಡಬಿಯ ಬಾಕಿನ ಮೇಲೆ ಕೂತರು. ಲಾಡಬಿ ಎರಡು ಗ್ಲಾಸು ತಂದು, ಸಪ್ಪನೆಯದನ್ನು ಗುರಲಿಂಗಪ್ಪನ ಮುಂದೆ, ಸಿಹಿಯದನ್ನು ಶಿವಪ್ರಕಾಶನ ಮುಂದೆ ಇಟ್ಟಳು. ಶಿವಪ್ರಕಾಶ ಗ್ಲಾಸು ಮುಟ್ಟಲಿಲ್ಲ. ಗೆದ್ದವನ ಕಣ್ಣಲ್ಲಿ ನೀರಿತ್ತು.

"ಗುರಲಿಂಗಣ್ಣಾ, ನಿನಗೊಂದು ಮಾತು ಹೇಳಲಿಲ್ಲಂದ್ರ ನನಗ ರೊಟ್ಟಿ ಇಳಿಯೂದಿಲ್ಲ. ಹೋದ ತಿಂಗಳ ತೌಸಿಫ ನನ್ನ ಮುಂದ ಹೇಳಿದ್ದ, ಹೆಚ್ಚು ಉದುರಿದವಗ ನೌಕರಿ ಅಂತ. ನಿನ್ನ ಮೂರ್ತಿ ನೋಡಿ ನನಗ ಎರಡು ವರ್ಷದಿಂದ ಹೊಟ್ಟಿಕಿಚ್ಚು. ಮೇಡಮ್ಮೋರು ಬಂದ್ರ ನಿನ್ನವನ ಹಂತೇಕ ತಾಸಗಟ್ಟಲೆ ಕೂಡ್ತಿದ್ರು, ನನ್ನವನ ಕಡೆ ಹೊಳ್ಳಿ ನೋಡ್ತಿರಲಿಲ್ಲ. ಅದಕ್ಕ..." ಮೂಗು ಒರೆಸಿಕೊಂಡ. "ನಿನ್ನಿ ಸಂಜಿ ನೀ ಇಳದು ಹೋದ ಮ್ಯಾಲೆ ಎರಡೂ ಡಬ್ಬಿ ಅದಲ ಬದಲ ಮಾಡಿದೆ. ಬೈದುಬಿಡು ನನ್ನ."

ಗುರಲಿಂಗಪ್ಪ ಬೈಯಲಿಲ್ಲ. ತನ್ನ ಗ್ಲಾಸನ್ನು ಶಿವಪ್ರಕಾಶನ ಕಡೆಗೆ, ಶಿವಪ್ರಕಾಶನದನ್ನು ತನ್ನ ಕಡೆಗೆ ಸರಿಸಿದ. "ನಿನ್ನಿ ಸಂಜಿ" ಎಂದು ಗೊಣಗಿದ. ಮತ್ತೆ ಎರಡನ್ನೂ ಮೊದಲಿನ ಜಾಗಕ್ಕೆ ತಂದ. "ಇವತ್ತ ಮುಂಜಾನೆ." ಅಲ್ಲಿಗೆ ಕೈ ತಡೆಯಿತು. ತನ್ನ ಚಹಾ ತನ್ನ ಮುಂದಿತ್ತು, ಅವನದು ಅವನ ಮುಂದಿತ್ತು. ಇಲ್ಲಿಗೆ ಬಿಟ್ಟಿದ್ದರೆ ಸಾಕಿತ್ತು. ರೊಟ್ಟಿಗಂಟು ಮಂಗನ ಪಾಲಾದರೂ ಖುರ್ಚಿ ಬರುತ್ತಿತ್ತು. ಮತ್ತೊಮ್ಮೆ ಅದಲುಬದಲು ಮಾಡಿದ. "ಒಂದೂ... ಎರಡೂ... ಮೂರು" ಎಂದ.

"ಗುರಲಿಂಗಣ್ಣಾರ, ಅದು ಚಾ ಐತಿ, ಇಸ್ಪೀಟ್ ಎಲಿ ಅಲ್ಲ" ಎಂದಳು ಲಾಡಬಿ.

ಏನೂ ತಿಳಿಯದ ಶಿವಪ್ರಕಾಶ ತನ್ನ ಮುಂದೆ ಬಂದ ಗ್ಲಾಸು ಎತ್ತಿ ಒಂದು ಗುಟುಕು ಕುಡಿದು ಮುಖ ಕಿವುಚಿದ. "ಥೂ, ಸಪ್ಪನ್ದು! ನಂದು ನಿನ್ನ ಕಡೆ ಬಂದೈತಿ. ತಾ ಇಲ್ಲೆ, ಬದಲ್ ಮಾಡೂಣು."

ಗುರಲಿಂಗಪ್ಪ ಎರಡೂ ಗ್ಲಾಸಿನ ಮೇಲೆ ಎರಡು ಅಂಗೈ ಮುಚ್ಚಿ ಚೀರಿದ:

"ಮುಟ್ಟಬ್ಯಾಡ! ಇನ್ನ ಏನ ಆದ್ರೂ ಮುಟ್ಟಬ್ಯಾಡಲೇ! ಇದ್ದದ್ದು ಇದ್ದಲ್ಲೆ ಇರ್ಲಿ!"